ಹುಲ್ಲು, ಮೋಡ, ರೆಕ್ಸ್‌ನ ಹಲ್ಲು

ದೀಪಸ್ತಂಭ ಕಾಯುವವರ ಮುಖ್ಯ ಕೆಲಸ ಹುಲ್ಲು ಕತ್ತರಿಸುವುದು. ಕ್ರೆಡಕ್ ದ್ವೀಪಕ್ಕೆ ಹೋಗಿ ಬಂದವರನ್ನು ಯಾರನ್ನೇ ಕೇಳಿ, ಮೊದಲು ಹೇಳುವುದು ಇದನ್ನೇ. ದೀಪವೇನೂ ಅವರ ಕೈಯಲ್ಲಿಲ್ಲ. ಹಳೆಯ ಗೋಪುರದ ದೀಪ ಆರಿ ಬಹಳ ಕಾಲವಾಯಿತು. ಈಗ ಹಡಗುಗಳಿಗೆ ದಾರಿ ತೋರಿಸುವುದು ಬಂಡೆಯ ಅಂಚಿನಲ್ಲಿ ಕಂಬದ ಮೇಲೆ ಕೂತ ಬಕೆಟ್ಟಿನಷ್ಟು ದೊಡ್ಡ ಡಬ್ಬಿ. ಅದು ಬಿಸಿಲಿನಿಂದ ತನ್ನ ಹೊಟ್ಟೆ ತಾನೇ ತುಂಬಿಕೊಳ್ಳುತ್ತದೆ. ಅದನ್ನು ಮುಟ್ಟುವ ಹಾಗಿಲ್ಲ. ಉಳಿದದ್ದು ಖಾಲಿ ಗೋಪುರ, ಹಿಂದಿನವರ ಮನೆಗಳು, ಉಜ್ಜಬೇಕಾದ ಹಿತ್ತಾಳೆ, ಕೆರೆಯಬೇಕಾದ ತುಕ್ಕು, ಗೋಡೆಯ ಬೂಷ್ಟು, ಮತ್ತು ವರ್ಷವಿಡೀ ಬೆಳೆಯುವ ಹುಲ್ಲು. ಸಂಬಳವಿಲ್ಲ. ಅರ್ಜಿ ಹಾಕಿ, ಆಯ್ಕೆಯಾಗಿ, ಆರು ತಿಂಗಳ ದಿನಸಿ ತಾವೇ ಕಟ್ಟಿಕೊಂಡು ಹೆಲಿಕಾಪ್ಟರಿನಲ್ಲಿ ಹೋಗಿ ಈ ಹುಲ್ಲು ಕತ್ತರಿಸಬೇಕು. ಹಾಗಿದ್ದೂ ಆಸ್ಟ್ರೇಲಿಯಾದ ದಕ್ಷಿಣ ತುದಿಯ ಟಾಸ್ಮೇನಿಯಾದಲ್ಲಿ ಇದಕ್ಕೆ ಸರದಿ ನಿಲ್ಲುವವರಿಗೆ ಕೊರತೆಯಿಲ್ಲ.

ಬೆರಿಲ್ ಡಗ್ಗನ್ ಮತ್ತು ಅವಳ ಗಂಡ ಕೆಲ್ ಮೂರು ಸಲ ಹೀಗೆ ಹೋಗಿ ಬಂದಿದ್ದರು. ಕೆಲ್ ಜೀವಮಾನವೆಲ್ಲ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದವನು. ಬೆರಿಲ್ ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಪೈ ಬಿಸಿ ಮಾಡಿಕೊಡುತ್ತಿದ್ದಳು. ಇಬ್ಬರಿಗೂ ಮಾತು ಕಡಿಮೆ, ಕೈ ಸುಮ್ಮನಿರದು. ದ್ವೀಪಕ್ಕೆ ಬೇಕಾದ ಗುಣ ಅದೇ.

ದ್ವೀಪ ನೋಡಿಕೊಳ್ಳುವ ಇಲಾಖೆ ಒಪ್ಪಿಸಿದ ಕೆಲಸಗಳ ಜೊತೆಗೆ ಕೆಲ್ ಅಲ್ಲಿ ತನ್ನದೇ ಒಂದು ಕೆಲಸ ಹಚ್ಚಿಕೊಂಡಿದ್ದ. ಹಿಂದೆ ದೋಣಿಯಲ್ಲಿ ಸಾಮಾನು ಬರುತ್ತಿದ್ದ ಕಾಲದಲ್ಲಿ ಕಡಲಿನ ಕಟ್ಟೆಯಿಂದ ಗುಡ್ಡದ ನೆತ್ತಿಗೆ ಹಳಿ ಹಾಕಿದ್ದರು. ಮೇಲೆ ಗಾಡಿ ಎಳೆಯುವ ರಾಟೆಮನೆ, ಕೆಳಗೆ ಕಟ್ಟೆ, ನಡುವೆ ತೂಗುಬಿಟ್ಟ ಹಗ್ಗದ ಹಾಗೆ ನೆಟ್ಟಗೆ ಇಳಿಯುವ ಹಾದಿ. ಹೆಲಿಕಾಪ್ಟರ್ ಬಂದ ಮೇಲೆ ಆ ಹಾದಿಯನ್ನು ಪೊದೆಗಾಡು ನುಂಗಿತು. ಕೆಲ್ ಬಿಡುವಾದಾಗಲೆಲ್ಲ ಕೈಗರಗಸ ಹಿಡಿದು ಮೇಲಿನಿಂದ ಕಡಿಯುತ್ತ ಇಳಿದ.

"ರಾಟೆಮನೆ ಬಾಗಿಲಲ್ಲಿ ಚಹಾ ಹಿಡ್ಕೊಂಡು ನಿಂತ್ರೆ ಕೆಳಗಿನ ನೀರು ಕಾಣ್ಬೇಕು ಕಣೆ. ಅಷ್ಟೇ ನಂಗೆ ಬೇಕಾಗಿರೋದು" ಎನ್ನುತ್ತಿದ್ದ.

ಮೂರನೆಯ ಪಾಳಿ ಮುಗಿಯುವಾಗ ಹಾದಿಯ ಪಕ್ಕದ ಸೀಳುಬಂಡೆಯವರೆಗೆ ತಲುಪಿದ್ದ. ಅಲ್ಲಿಂದ ಕೆಳಗೆ ಉಳಿದದ್ದು ಕಾಲು ಭಾಗ. ನಾಲ್ಕನೆಯ ಪಾಳಿಗೂ ಇಬ್ಬರ ಹೆಸರು ಬಂತು. ಹೊರಡುವ ಮೊದಲಿನ ಚಳಿಗಾಲದಲ್ಲಿ, ಸೌದೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತು, ತೀರಿಕೊಂಡ.

ದ್ವೀಪಕ್ಕೆ ಒಬ್ಬರನ್ನೇ ಕಳಿಸುವುದಿಲ್ಲ. ಹೋದರೆ ಇಬ್ಬರು, ನಡುವೆ ಒಬ್ಬರು ವಾಪಸಾದರೆ ಇನ್ನೊಬ್ಬರೂ ಅದೇ ಹೆಲಿಕಾಪ್ಟರಿನಲ್ಲಿ ವಾಪಸು, ಮತ್ತೆ ಕರೆದೊಯ್ಯುವುದಿಲ್ಲ. ಈ ನಿಯಮ ಡಗ್ಗನ್ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಲ್‌ನ ತಮ್ಮ ರೆಕ್ಸ್‌ಗೂ ಗೊತ್ತಿತ್ತು. ಆದರೂ ಅವನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಕ್ಲಬ್ಬಿನಲ್ಲಿ ನಾಲ್ಕು ಬಿಯರ್ ಇಳಿದ ಮೇಲೆ, ಎಲ್ಲರೆದುರು ಎದ್ದು ನಿಂತು, "ಬೆರ್ ಒಬ್ಳೇ ಆದ್ಲು ಅಂತ ದ್ವೀಪ ಯಾಕೆ ಬಿಡ್ಬೇಕು? ನಾನಿದೀನಿ. ನಾನು ಹೋಗ್ತೀನಿ ಅವಳ ಜೊತೆ" ಎಂದುಬಿಟ್ಟ. ಮಾರನೆಯ ಬೆಳಿಗ್ಗೆ ಬೆರಿಲ್ ಅವನ ಬಾಗಿಲು ತಟ್ಟಿದಳು. ಕೈಯಲ್ಲಿ ಅರ್ಜಿ ಇತ್ತು.

ರೆಕ್ಸ್ ಶಾಲಾ ಬಸ್ಸಿನ ಚಾಲಕನಾಗಿದ್ದು ನಿವೃತ್ತನಾದವನು. ಕೂತು ಮಾಡುವ ಕೆಲಸ, ಕುದುರೆ ರೇಸು, ಮೃದುವಾದ ಹಾಸಿಗೆ ಅವನಿಗೆ ಇಷ್ಟ. ಬೆರಿಲ್‌ಗೆ ಎಪ್ಪತ್ತು ತುಂಬುವುದರಲ್ಲಿತ್ತು; ಆರೋಗ್ಯದ ಪತ್ರಕ್ಕೆ ಸಹಿ ಹಾಕುವಾಗ ಡಾಕ್ಟರು, ಇದೇ ಕೊನೆಯ ಸಲ ಎಂದು ಹೇಳಿಯೇ ಹಾಕಿದ್ದರು. ಕೆಲ್‌ನ ಹಾದಿಯನ್ನು ಕಟ್ಟೆಯವರೆಗೆ ಬಿಡಿಸುವುದಿದ್ದರೆ ಈ ಪಾಳಿಯಲ್ಲೇ ಆಗಬೇಕು. ಅದು ಆಗುವುದು ರೆಕ್ಸ್ ದ್ವೀಪದಲ್ಲಿ ಉಳಿದರೆ ಮಾತ್ರ.

ವಸಂತದ ಆರಂಭದಲ್ಲಿ ಹೆಲಿಕಾಪ್ಟರ್ ಅವರನ್ನು ಇಳಿಸಿ ಹೋಯಿತು. ಹಿಂದಿನ ಜೋಡಿ ರೂಢಿಯಂತೆ ಮೇಜಿನ ಮೇಲೆ ಬ್ರೆಡ್ಡು ಬೇಯಿಸಿಟ್ಟು, ತೋಟದಲ್ಲಿ ಅವರಿಗೆಂದು ಸೊಪ್ಪು ಬೆಳೆಸಿ ಹೋಗಿದ್ದರು. ಬಾಗಿಲ ಬಳಿ ಹುಲ್ಲು ಕತ್ತರಿಸುವ ಯಂತ್ರವನ್ನೂ ಇಟ್ಟಿದ್ದರು, ಪೆಟ್ರೋಲು ತುಂಬಿಸಿ. ರೆಕ್ಸ್ ಅದನ್ನು ನೋಡಿ, "ಬ್ರೆಡ್ಡಿಗಿಂತ ಇದನ್ನೇ ಚೆನ್ನಾಗಿ ಒರೆಸಿಟ್ಟಿದಾರೆ" ಎಂದ.

ಹುಲ್ಲು ಅವನ ಪಾಲಿಗೆ ಬಂತು. ಮನೆಗಳ ಸುತ್ತ, ಗೋಪುರದ ದಾರಿ, ಹವಾಮಾನ ಅಳೆಯುವ ಉಪಕರಣಗಳ ಪೆಟ್ಟಿಗೆಯ ಅಂಗಳ, ಹೆಲಿಕಾಪ್ಟರ್ ಇಳಿಯುವ ಬಯಲು. ಈ ತುದಿ ಮುಗಿಸುವ ಹೊತ್ತಿಗೆ ಆ ತುದಿಯಲ್ಲಿ ಮೊಣಕಾಲೆತ್ತರ ಬೆಳೆದಿರುತ್ತದೆ. ನೆಲದಲ್ಲಿ ಕಡಲಹಕ್ಕಿಗಳ ಬಿಲ. ದಾರಿ ಬಿಟ್ಟು ಒಂದು ಹೆಜ್ಜೆ ಇಟ್ಟರೆ ಕಾಲು ತೊಡೆಯವರೆಗೆ ಇಳಿಯುತ್ತದೆ. ಗಾಳಿ ಜೋರಾದ ದಿನ ಕತ್ತರಿಸಿದ ಹುಲ್ಲು ಹಾರಿ ಬಂದು ಕತ್ತರಿಸಿದವನ ಬಾಯಿಗೇ ಬೀಳುತ್ತದೆ. ಸಂಜೆ ರೆಕ್ಸ್ ಒಳಗೆ ಬಂದರೆ ಯಂತ್ರ ನಿಂತಿದ್ದರೂ ಕೈ ನಡುಗುತ್ತಿರುತ್ತಿತ್ತು. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯಬೇಕು.

"ಅಣ್ಣ ಸತ್ತಿದ್ದು ಸೌದೆ ಒಡೆದಲ್ಲ, ಈ ಹುಲ್ಲು ಕತ್ತರಿಸೇ" ಎನ್ನುವನು.

"ಅವನು ಯಾವತ್ತೂ ಗೊಣಗಲಿಲ್ಲ."

"ಗೊಣಗೋಕೆ ಉಸಿರು ಬೇಕಲ್ಲ, ಬೆರ್."

ಬೆರಿಲ್‌ದು ಉಳಿದದ್ದೆಲ್ಲ. ಹಿತ್ತಾಳೆ ಉಜ್ಜುವುದು, ಚರಂಡಿ ಬಿಡಿಸುವುದು, ಮಾಡಿನ ನೀರಿನ ತೊಟ್ಟಿ ನೋಡುವುದು, ಬೂಷ್ಟು ಒರೆಸುವುದು. ಒರೆಸಿದ ಗೋಡೆಗೆ ಎರಡು ವಾರದಲ್ಲಿ ಮತ್ತೆ ಬೂಷ್ಟು. ಮಧ್ಯಾಹ್ನ ಊಟವಾದ ಮೇಲೆ ಗರಗಸ ತೆಗೆದುಕೊಂಡು ಕೆಲ್‌ನ ಹಾದಿಗೆ ಇಳಿಯುವಳು. ಒಂದು ಹೊತ್ತಿಗೆ ಮಂಚದುದ್ದ ಬಿಡಿಸಿದರೆ ಹೆಚ್ಚು. ಕಡಿದದ್ದನ್ನು ಎಳೆದು ಬದಿಗೆ ಹಾಕುವುದೇ ಕಡಿಯುವುದಕ್ಕಿಂತ ಕಷ್ಟ. ಮಂಡಿ ಊದಿದ ದಿನ ಕೂತುಕೊಂಡೇ ಕೊಯ್ಯುವಳು.

ದಿನಕ್ಕೆರಡು ಸಲ ಹವಾಮಾನ ನೋಡಿ ರೇಡಿಯೋದಲ್ಲಿ ಹೇಳಬೇಕಿತ್ತು: ಗಾಳಿ, ಮೋಡ, ಅಲೆ, ಎಷ್ಟು ದೂರ ಕಾಣುತ್ತದೆ ಎನ್ನುವುದು. ಕಚೇರಿಗಿಂತ ಹೆಚ್ಚಾಗಿ ಅದನ್ನು ಕಿವಿಗೊಟ್ಟು ಕೇಳುವವರು ಆ ಕಡಲಿನಲ್ಲಿ ಸೀಗಡಿ ಹಿಡಿಯುವ ದೋಣಿಯವರು. ಮೊದಮೊದಲು ಮಧ್ಯಾಹ್ನದ ಸರದಿ ರೆಕ್ಸ್‌ದಾಗಿತ್ತು. ಒಮ್ಮೆ ಅವನು ಸಾಲಾಗಿ ಮೂರು ದಿನ "ಮಂಜು, ಹತ್ತಿರದ್ದೂ ಮಸುಕು" ಎಂದು ಹೇಳಿದ. ನಾಲ್ಕನೆಯ ದಿನ ಸಂಜೆ ರೇಡಿಯೋ ಗೊರಗೊರ ಎಂದಿತು. 'ಮೇ ಐರೀನ್' ದೋಣಿಯ ಬ್ಲೂ. ಕೆಂಗೂದಲಿನ ದೊಡ್ಡ ಆಳು, ಅಲ್ಲಿ ಕೆಂಗೂದಲಿನವರನ್ನು ತಮಾಷೆಗೆ ಕರೆಯುವುದೇ ಹಾಗೆ; ಅವನ ನಿಜ ಹೆಸರು ಬಹುಶಃ ಅವನ ಹೆಂಡತಿಗಷ್ಟೇ ನೆನಪಿದೆ.

"ಕ್ರೆಡಕ್, ಕ್ರೆಡಕ್. ಏನಯ್ಯಾ ರೆಕ್ಸ್, ಎಲ್ಲಿದೆ ನಿನ್ನ ಮಂಜು?"

"ಇಲ್ಲೇ ಇದೆ. ಎದುರಿಗೇ ಕಾಣ್ತಿದೆಯಲ್ಲ."

"ನಾನು ನಿನ್ನ ದ್ವೀಪದ ಬುಡದಲ್ಲೇ ಇದೀನಿ ಮಾರಾಯ. ನಿಮ್ಮನೆ ಬಟ್ಟೆ ಒಣಗ್ತಿರೋದು ಕಾಣ್ತಿದೆ. ಕೆಂಪು ಪೈಜಾಮ ಯಾರದು?"

ಬೆರಿಲ್ ಹೊರಗೆ ಹೋಗಿ ನೋಡಿದಳು. ದಿಗಂತ ಚಾಕುವಿನ ಅಂಚಿನ ಹಾಗೆ ಸ್ವಚ್ಛವಾಗಿತ್ತು. ಒಳಗೆ ಬಂದು ನೋಡಿದರೆ ರೆಕ್ಸ್ ಅಡಿಗೆಮನೆಯ ಸಿಂಕಿನ ಮುಂದೆ, ಕಿಟಕಿಗೆ ಮುಖ ಮಾಡಿ ನಿಂತಿದ್ದ. ಗಾಜಿನ ಹೊರಮೈಗೆ ಅಲೆಯ ತುಂತುರು ಬಡಿದು ಉಪ್ಪು ಬೆರಳು ದಪ್ಪ ಕಟ್ಟಿತ್ತು.

"ಅಲ್ಲಾ ಅಕ್ಕಾ," ಎಂದಿತು ರೇಡಿಯೋ, ಬೆರಿಲ್ ಕಿಟಕಿಯ ಕಥೆ ಹೇಳಿದ ಮೇಲೆ, "ನಿನ್ನ ಮೈದುನನ ಕೈಗೊಂದು ಬಟ್ಟೆ ಕೊಟ್ಟು ಕಿಟಕಿ ಒರೆಸೋಕೆ ಹೇಳು. ಅವನ ಮಂಜನ್ನ ನಂಬಿ ಮೂರು ದಿನ ಲಂಗರು ಹಾಕ್ಕೊಂಡು ಇಸ್ಪೀಟು ಆಡಿದೀನಿ. ಅದರಲ್ಲೂ ಸೋತೆ."

ಅಂದಿನಿಂದ ಎರಡು ಹೊತ್ತೂ ಬೆರಿಲ್ ತಾನೇ ನೋಡತೊಡಗಿದಳು. ಹೊರಗೆ ಹೋಗಿ, ನಿಂತು, ನೋಡಿ. ಕೆಲ್ ಹಾಗೇ ಮಾಡುತ್ತಿದ್ದ. ಮೋಡ ಎಷ್ಟು ಕೆಳಗಿದೆ ಎನ್ನುವುದಕ್ಕೆ ದ್ವೀಪದಲ್ಲಿ ಒಂದೇ ಅಳತೆ: ಹವಾಮಾನದ ಪೆಟ್ಟಿಗೆಯ ಬಳಿ ನಿಂತಾಗ ಗೋಪುರದ ತಲೆ ಕಂಡರೆ ಹೆಲಿಕಾಪ್ಟರ್ ಬರಬಹುದು, ಕಾಣದಿದ್ದರೆ ಬರಲಾಗದು.

ಬೇಸಿಗೆ ಅರ್ಧ ಕಳೆಯಿತು. ಬೆರಿಲ್ ಸೀಳುಬಂಡೆ ದಾಟಿ ಬಹಳ ಕೆಳಗೆ ಇಳಿದಿದ್ದಳು. ಅಲೆಯ ಸದ್ದು ಈಗ ಎದುರಿನಿಂದ ಕೇಳುತ್ತಿತ್ತು. ನೀರು ಮಾತ್ರ ಕಾಣದು, ಕೊನೆಯಲ್ಲಿ ಪೊದೆ ಗೋಡೆಯಂತೆ ಹೆಣೆದುಕೊಂಡಿತ್ತು. ಪಾಳಿ ಮುಗಿಯಲು ಇನ್ನೂ ಒಂದೂವರೆ ತಿಂಗಳಿತ್ತು. ಸಾಕು ಎಂದು ಅವಳ ಲೆಕ್ಕ.

ಒಂದು ಭಾನುವಾರ ಓಟ್ಸಿನ ಬಿಸ್ಕತ್ತು ಬೇಯಿಸಿದಳು. ಒಲೆ ಹೆಚ್ಚು ಕಾದು ಬಿಸ್ಕತ್ತು ಹಂಚಿನ ಹಾಗಾದವು. ರೆಕ್ಸ್ ಒಂದನ್ನು ಕಚ್ಚಿದ. ಕಟ್ ಎಂದಿತು. ಅವನು ಬಾಯಿಯಿಂದ ಬೂದು ಬಣ್ಣದ ಚೂರೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹಿಂದೆ ಹಲ್ಲಿನ ತೂತಿಗೆ ತುಂಬಿಸಿದ್ದ ಲೋಹ, ಜೊತೆಗೆ ಹಲ್ಲಿನ ಅರ್ಧ.

"ಬಿಸ್ಕತ್ತು ಚೆನ್ನಾಗಿದೆ" ಎಂದ.

ಲವಂಗದೆಣ್ಣೆ ಹಚ್ಚಿದರು. ನೋವಿನ ಮಾತ್ರೆ ನುಂಗಿದ. ಒಂದು ವಾರ ಹಾಗೇ ನಡೆಯಿತು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದ; ಆಮೇಲೆ ಸೂಪು; ಆಮೇಲೆ ಬರೀ ಚಹಾ. ಯಂತ್ರ ಶುರು ಮಾಡಿದರೆ ಅದರ ನಡುಕ ನೇರ ದವಡೆಗೆ ಏರುತ್ತಿತ್ತು. ಆದರೂ ಕತ್ತರಿಸಿದ, ಕುತ್ತಿಗೆಗೆ ಮಫ್ಲರು ಬಿಗಿದುಕೊಂಡು. ಬೆರಿಲ್ ನೋಡಿಯೂ ಏನೂ ಹೇಳಲಿಲ್ಲ. ಹೇಳಿದರೆ ರೇಡಿಯೋ ಎತ್ತಿಕೊಳ್ಳಬೇಕಾಗುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿದ ಬೆಳಿಗ್ಗೆ ರೆಕ್ಸ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಬೆರ್, ನಂಗೆ ಆಗ್ತಿಲ್ಲ ಕಣೆ."

"ಗೊತ್ತು."

"ಹುಲ್ಲಿಗೋಸ್ಕರ ಹೇಳ್ತಿದೀನಿ ಅಂದ್ಕೋಬೇಡ."

"ಗೊತ್ತು ರೆಕ್ಸ್. ಕೂತ್ಕೋ."

ಅವಳೇ ಇಲಾಖೆಗೆ ಹೇಳಿದಳು. ಅತ್ತಲಿನ ಹುಡುಗಿ ಜ್ವರ ಎಷ್ಟು ಎಂದು ಕೇಳಿ, ಯಾರನ್ನೋ ವಿಚಾರಿಸಿ, ಮರಳಿ ಬಂದು, ಮೋಡ ತೆರೆದ ಮೊದಲ ಬೆಳಿಗ್ಗೆ ಹೆಲಿಕಾಪ್ಟರ್ ಬರುತ್ತದೆ, ಇಬ್ಬರೂ ಸಾಮಾನು ಕಟ್ಟಿಟ್ಟುಕೊಳ್ಳಿ ಎಂದಳು. ಡಾಕ್ಟರು ಹೇಳಿದ ಮಾತ್ರೆಯನ್ನು ಔಷಧದ ಪೆಟ್ಟಿಗೆಯಿಂದ ತೆಗೆದು ಕೊಡಿಸಿದಳು. "ತುಂಬಾ ಬೇಜಾರಾಯ್ತು ಬೆರಿಲ್" ಎಂದೂ ಸೇರಿಸಿದಳು. ಬೆರಿಲ್ ಹವಾಮಾನ ಹೇಳಿ ಮುಗಿಸಿದಳು. ಆ ದಿನ ಗೋಪುರದ ತಲೆ ಕಾಣುತ್ತಿರಲಿಲ್ಲ.

ಅವಳು ಸಾಮಾನು ಕಟ್ಟಲಿಲ್ಲ. ಗರಗಸ ಎತ್ತಿಕೊಂಡು ಹಾದಿಗೆ ಹೋದಳು.

ಮಾರನೆಯ ದಿನವೂ ಮೋಡ. ರೆಕ್ಸ್ ಅವಳ ಮಾತು ನಂಬದೆ ತಾನೇ ಹೊರಗೆ ಬಂದು, ಕುತ್ತಿಗೆ ಎತ್ತಿ, ಬೂದು ಬಣ್ಣದೊಳಗೆ ಗೋಪುರ ಹುಡುಕಿದ. ಸಿಗಲಿಲ್ಲ. ಅವಳ ಕಡೆ ತಿರುಗಲೂ ನಾಚಿಕೆಯಾಗಿರಬೇಕು, ಮಫ್ಲರು ಸರಿ ಮಾಡಿಕೊಂಡು ಒಳಗೆ ಹೋದ. ಮಧ್ಯಾಹ್ನ ಬೆರಿಲ್ ಕೂತು ಕೊಯ್ಯುತ್ತಿದ್ದಾಗ ಹಿಂದಿನಿಂದ ಕೊಂಬೆ ಎಳೆಯುವ ಸದ್ದಾಯಿತು.

"ಮಲಕ್ಕೋ ಅಂದ್ರು ನಿಂಗೆ."

"ಮಲಗಿದ್ರೆ ಹಲ್ಲು ಮಾತಾಡುತ್ತೆ" ಎಂದ ರೆಕ್ಸ್. "ಇಲ್ಲಿ ನೀನಾದ್ರೂ ಸುಮ್ನಿರ್ತೀಯ."

ಆ ಮೂರು ದಿನ ಮೋಡ ಗುಡ್ಡದ ಮೇಲೆ ಒದ್ದೆ ಕಂಬಳಿಯಂತೆ ಬಿದ್ದುಕೊಂಡಿತ್ತು. ಮಾತ್ರೆಯಿಂದ ರೆಕ್ಸ್‌ನ ಜ್ವರ ಒಂದಿಷ್ಟು ಇಳಿಯುವುದು, ಮತ್ತೆ ಏರುವುದು. ಇಳಿದ ಹೊತ್ತಿನಲ್ಲಿ ಅವನು ಎಳೆದ, ಬೆರಿಲ್ ಕೊಯ್ದಳು. ಇಬ್ಬರೂ ಸೇರಿದರೆ ಒಬ್ಬಳು ವಾರದಲ್ಲಿ ಬಿಡಿಸುವಷ್ಟು ಒಂದು ದಿನದಲ್ಲಿ ಆಗುತ್ತಿತ್ತು. ಐದು ತಿಂಗಳಲ್ಲಿ ಅವನು ಆ ಕಡೆ ತಲೆ ಹಾಕಿದ್ದು ಇದೇ ಮೊದಲು. ಒಮ್ಮೆ ಒಂದು ಬೊಡ್ಡೆಯ ಮೇಲೆ ಅಣ್ಣನ ಹಳೆಯ ಗರಗಸದ ಗುರುತು ಕಂಡ. ಇಳಿದು ಬರುವ ದಾರಿಯಲ್ಲಿ, ಸೀಳುಬಂಡೆಯ ಬಳಿ. ಕೆಲ್ ಎಲ್ಲವನ್ನೂ ಎಡಗೈಯಲ್ಲಿ ಕೊಯ್ಯುತ್ತಿದ್ದ, ಗುರುತು ಓರೆಯಾಗಿರುತ್ತದೆ. ರೆಕ್ಸ್ ಅದರ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದ. ಮೂರನೆಯ ದಿನ ಸಂಜೆ ಪೊದೆಯ ಗೋಡೆಯೊಳಗಿನಿಂದ ಅಲ್ಲಲ್ಲಿ ಬೆಳಕು ಚುಕ್ಕೆ ಚುಕ್ಕೆಯಾಗಿ ಬರತೊಡಗಿತು. ಅದು ನೀರಿನ ಬೆಳಕೋ ಆಕಾಶದ್ದೋ ಹೇಳುವಂತಿರಲಿಲ್ಲ.

"ಇನ್ನೊಂದು ದಿನ" ಎಂದಳು ಬೆರಿಲ್.

ಮರುದಿನ ಬೆಳಿಗ್ಗೆ ಅವಳು ಪೆಟ್ಟಿಗೆಯ ಬಳಿ ಹೋಗಿ ನಿಂತಾಗ ಮೋಡ ಇನ್ನೂ ಇತ್ತು. ಆದರೆ ತಳ ಎದ್ದಿತ್ತು. ಮೊದಲು ಗೋಪುರದ ಸೊಂಟ, ಆಮೇಲೆ ಕಟಕಟೆ, ಆಮೇಲೆ ಗಾಜಿನ ಮನೆ, ಕೊನೆಗೆ ಗಾಳಿಯ ದಿಕ್ಕು ತೋರಿಸುವ ಗಾಳಿಕೋಳಿ. ಮಬ್ಬಾಗಿ, ಆದರೆ ಅಲ್ಲೇ. ರೆಕ್ಸ್ ಅವಳ ಹಿಂದೆ ಬಂದು ನಿಂತಿದ್ದ.

"ಕಾಣ್ತಿದೆ" ಎಂದಳು.

"ಏನು ಕಾಣ್ತಿದೆ?"

"ಗೋಪುರ."

"ನಂಗೇನೂ ಕಾಣ್ತಿಲ್ಲಪ್ಪ."

"ರೆಕ್ಸ್."

"ಮೋಡ ಅಂತ ಹೇಳು ಬೆರ್. ಇವತ್ತೊಂದು ದಿನ. ಸಂಜೆಯೊಳಗೆ ಆ ಹಾಳು ನೀರು ಕಂಡುಹೋಗ್ಲಿ."

ಬೆರಿಲ್ ತಿರುಗಿ ನೋಡಿದಳು. ಐದು ತಿಂಗಳಿಂದ ಮನೆಗೆ ಹೋಗೋಣ ಎಂದು ಗೊಣಗಿದ ಮನುಷ್ಯ. ಕೆನ್ನೆ ಹೊಳೆಯುತ್ತಿತ್ತು, ತುಟಿ ಒಂದು ಕಡೆಗೆ ಸರಿದಿತ್ತು, ಆ ಕಡೆಯ ಕಣ್ಣು ಪೂರ್ತಿ ಮುಚ್ಚಿತ್ತು.

"ಕನ್ನಡಿ ನೋಡ್ಕೊಂಡ್ಯಾ? ಮುಖ ಒಂದು ಕಡೆ ಕುಂಬಳಕಾಯಿ ಆಗಿದೆ."

"ಕುಂಬಳಕಾಯಿಗೆ ಒಂದು ದಿನಕ್ಕೆ ಏನೂ ಆಗಲ್ಲ. ನಾನು ಮೂರು ದಿನ ಮಂಜು ಅಂತ ಹೇಳ್ಲಿಲ್ವಾ? ಯಾರಿಗೇನಾಯ್ತು?"

"ಬ್ಲೂ ಇಸ್ಪೀಟಲ್ಲಿ ಸೋತ."

ರೆಕ್ಸ್ ನಗಲು ಹೋಗಿ ಕೆನ್ನೆ ಹಿಡಿದುಕೊಂಡ.

ಅವಳು ಒಳಗೆ ಹೋಗಿ ರೇಡಿಯೋ ಎತ್ತಿಕೊಂಡಳು. ಗಾಳಿ ಹೇಳಿದಳು, ಅಲೆ ಹೇಳಿದಳು. ಗೋಪುರದ ತಲೆ ಕಾಣುತ್ತಿದೆ ಎಂದಳು. ಅತ್ತಲಿನ ಹುಡುಗಿ ಮತ್ತೆ ಕೇಳಿದಳು.

"ಖಚಿತವಾ ಬೆರಿಲ್? ಇಲ್ಲಿ ಉಪಗ್ರಹದ ಚಿತ್ರದಲ್ಲಿ ನಿಮ್ಮ ಮೇಲೆ ಇನ್ನೂ ಮೋಡಾನೇ ಇದೆ."

ದಾರಿ ಅವರೇ ತೆರೆದಿಟ್ಟಿದ್ದರು. ಇಲ್ಲ, ಮತ್ತೊಮ್ಮೆ ನೋಡುತ್ತೇನೆ ಎಂದರೆ ಸಾಕಿತ್ತು.

"ನಾನು ಅದರ ಕೆಳಗೇ ನಿಂತಿದ್ದೆ ತಾಯಿ" ಎಂದಳು ಬೆರಿಲ್. "ಕಾಣ್ತಿದೆ. ಕಳಿಸಿ."

ಆ ಕ್ಷಣ ಏನನ್ನಿಸಿತು ಎಂದು ಕೇಳಿದವರಿಗೆ ಅವಳು ಇಂದಿಗೂ ಒಂದೇ ಉತ್ತರ ಕೊಡುತ್ತಾಳೆ: "ಸುಸ್ತಾಗಿತ್ತು." ದುಃಖವಾಯಿತು ಎನ್ನಲಿ ಎಂದು ಕೇಳುವವರು ಕಾಯುತ್ತಾರೆ. ಅವಳು ಹಾಗೆ ಹೇಳುವುದಿಲ್ಲ. ಮಂಡಿ ನೋಯುತ್ತಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ, ಇನ್ನೊಂದು ದಿನ ಎನ್ನುವುದು ಎಷ್ಟು ದಿನವೋ ಅವಳಿಗೇ ಗೊತ್ತಿರಲಿಲ್ಲ. ರೆಕ್ಸ್‌ನ ಮುಖ ನೋಡಿಯೂ ಅಷ್ಟು ಹೊತ್ತು ಯೋಚಿಸಿದ್ದಕ್ಕೇ ಅವಳಿಗೆ ಬೇಸರವಿತ್ತು.

ಹೆಲಿಕಾಪ್ಟರ್ ಇಳಿಯಬೇಕಾದರೆ ಬಯಲಿನ ಹುಲ್ಲು ಕತ್ತರಿಸಿರಬೇಕು. ರೆಕ್ಸ್ ಹಲ್ಲು ಮುರಿದ ಮೇಲೆ ಆ ಕಡೆ ಹೋಗಿರಲಿಲ್ಲ, ಹುಲ್ಲು ಮೊಣಕಾಲು ದಾಟಿತ್ತು. ಅವನು ಯಂತ್ರಕ್ಕೆ ಕೈ ಹಾಕಿದ, ಬೆರಿಲ್ ಕಸಿದುಕೊಂಡಳು. ಐದು ತಿಂಗಳಲ್ಲಿ ಅವಳು ಅದನ್ನು ಹಿಡಿದದ್ದು ಅದೊಂದೇ ಸಲ. ರೆಕ್ಸ್ ಬದಿಯ ಕಲ್ಲಿನ ಮೇಲೆ ಕೂತು, ಬಟ್ಟೆ ಸುತ್ತಿದ ಮುಖದಿಂದ, ಬಿಟ್ಟುಹೋದ ಜಾಗಗಳನ್ನೆಲ್ಲ ಬೆರಳು ಮಾಡಿ ತೋರಿಸಿದ. ಅದು ಮುಗಿದ ಮೇಲೆ ಅವಳು ಬ್ರೆಡ್ಡು ಬೇಯಿಸಿದಳು. ಮುಂದಿನ ಜೋಡಿ ಬರುವುದು ಒಂದು ತಿಂಗಳಿಗೆ, ಅದು ಅಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ ಎಂದು ರೆಕ್ಸ್ ನೆನಪಿಸಿದ. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ, ಹೆಲಿಕಾಪ್ಟರ್ ನಡೆಸಿಕೊಂಡು ಬಂದವನಿಗೆ ಕೊಟ್ಟಳು.

ಮೇಲೆದ್ದ ಮೇಲೆ ಹೆಲಿಕಾಪ್ಟರ್ ಕಟ್ಟೆಯ ಕಡೆಯಿಂದ ಸುತ್ತಿ ಹೋಯಿತು. ರಾಟೆಮನೆಯಿಂದ ಕೆಳಗೆ ಕೆಲ್‌ನ ಹಾದಿ ಬೈತಲೆಯ ಹಾಗೆ ಕಾಣುತ್ತಿತ್ತು. ಕಡಲಿಗೆ ಇನ್ನೇನು ಮುಟ್ಟಬೇಕು ಎನ್ನುವಲ್ಲಿ, ಬೆರಳು ಅಡ್ಡ ಇಟ್ಟಷ್ಟು ಹಸಿರು.

"ಅರ್ಧ ದಿನ ಸಾಕಿತ್ತು" ಎಂದು ರೆಕ್ಸ್ ಕಿವಿಯಲ್ಲಿ ಕೂಗಿದ.

"ನಿನ್ನ ಹಲ್ಲಿಗೆ ಸಾಕಾಗ್ತಿರ್ಲಿಲ್ಲ" ಎಂದು ಅವಳೂ ಕೂಗಿದಳು.

ರಾಜಧಾನಿ ಹೋಬಾರ್ಟಿನಲ್ಲಿ ಹಲ್ಲು ಕಿತ್ತರು. ಕೀವು ದವಡೆಯ ಮೂಳೆಯ ಹತ್ತಿರ ಇಳಿದಿತ್ತು. ರೆಕ್ಸ್ ಒಂದು ವಾರ ಆಸ್ಪತ್ರೆಯಲ್ಲಿದ್ದ. ದ್ವೀಪಕ್ಕೆ ಮಾರ್ಚಿನಲ್ಲಿ ಹೊಸ ಜೋಡಿ ಹೋಯಿತು. ಹಾದಿ ಅವರ ಕೆಲಸದಲ್ಲಿ ಸೇರಿರಲಿಲ್ಲ, ಹುಲ್ಲೇ ಅವರಿಗೆ ಸಾಕಾಗಿತ್ತು. ಬ್ಲೂ ಆ ದಾರಿಯಲ್ಲಿ ಹೋದಾಗ ಕಟ್ಟೆಯ ಮೇಲಿನ ಪೊದೆಯನ್ನು ನೋಡಿ ಬಂದು ಬೆರಿಲ್‌ಗೆ ಹೇಳುತ್ತಾನೆ. ಮೊದಲ ವರ್ಷ ಸಂದಿ ಇತ್ತು ಎಂದ. ಈಗ ಇಲ್ಲ.

ಬೆರಿಲ್ ಟಾಸ್ಮೇನಿಯಾದ ಡೋವರ್ ಎಂಬ ಊರಿನ ತನ್ನ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಚಹಾದ ಜೊತೆ ಪಶ್ಚಿಮದ ಬೆಟ್ಟದ ತುದಿ ಮೋಡದೊಳಗಿದೆಯೋ ಹೊರಗಿದೆಯೋ ನೋಡುವ ಅಭ್ಯಾಸ ಹೋಗಿಲ್ಲ. ಯಾರಿಗೂ ಹೇಳಬೇಕಾಗಿಲ್ಲ, ಆದರೂ. ಅವಳ ಅಂಗಳದ ಹುಲ್ಲನ್ನು ರೆಕ್ಸ್ ಬಂದು ಕತ್ತರಿಸಿ ಹೋಗುತ್ತಾನೆ. ಬಾ ಎಂದು ಅವಳು ಕರೆದದ್ದಿಲ್ಲ. ಕಂಬಳಿ ಹಾಸಿದಷ್ಟು ಅಂಗಳ, ಅರ್ಧ ಗಂಟೆಯ ಕೆಲಸ. ಗೊಣಗುವುದಕ್ಕೆ ಒಂದು ಗಂಟೆ ಹಿಡಿಯುತ್ತದೆ.

ಮೊನ್ನೆ ಯಂತ್ರ ನಿಲ್ಲಿಸಿ ಅವನು ಒಳಗೆ ಬಂದಾಗ ಅವಳು ಅಡಿಗೆಮನೆಯ ಕಿಟಕಿಯ ಮುಂದೆ ಬಟ್ಟಲು ತೊಳೆಯುತ್ತಿದ್ದಳು.

"ಬೆಟ್ಟದ ತಲೆ ಕಾಣ್ತಿಲ್ಲ ಇವತ್ತು" ಎಂದಳು.

ರೆಕ್ಸ್ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಆಮೇಲೆ ಒರೆಸುವ ಬಟ್ಟೆ ತೆಗೆದುಕೊಂಡು ಹೊರಗಿನಿಂದ ಕಿಟಕಿ ಒರೆಸಲು ಹೋದ.